ಮೋನಾಕನ ಬಿಳಿ ಶರ್ಟು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮೋನಾಕ ಇಸ್ತ್ರಿ ಹಾಕಿದ ಬಿಳಿ ಶರ್ಟು ತೊಟ್ಟು ನನ್ನ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತರು. ಪಡೀಲಿನ ರಸ್ತೆಯೇ ಕಾಣದಷ್ಟು ಮಳೆ. ಹೊರಡುವ ಮುನ್ನ ನಾನು ಕೈಗಡಿಯಾರ ನೋಡಿಕೊಂಡಿದ್ದೆ. ಆಮೇಲಿನ ಅರ್ಧ ಗಂಟೆಯನ್ನು ಈಗಲೂ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡುತ್ತಲೇ ಇದ್ದೇನೆ.

ಮೋನಾಕ, ಅಂದರೆ ಮೋನು ಬ್ಯಾರಿ, ತೆರೆದ ಜೀಪುಗಳಿಗೆ ಕ್ಯಾನ್ವಾಸಿನ ಹುಡ್ ಹೊಲಿಯುತ್ತಿದ್ದರು. ಹುಡ್ ಮುಗಿದ ಮೇಲೆ ಜೋರು ಮಳೆಗೆ ಕಾಯುವುದು, ಮಳೆ ಬಂದೊಡನೆ ಬಿಳಿ ಶರ್ಟು ಹಾಕಿ ಒಳಗೆ ಕೂರುವುದು, ಮಾಲೀಕರೇ ಜೀಪು ಓಡಿಸುವಂತೆ ಮಾಡುವುದು ಅವರ ಕ್ರಮ. ಶರ್ಟಿನ ಮೇಲೆ ಒಂದು ಹನಿ ಕಂಡರೂ ಹುಡ್ ಬಿಚ್ಚಿ ಮತ್ತೆ ಮೊದಲಿಂದ ಹೊಲಿಗೆ. ಅವತ್ತು ಜೇಬಿನಲ್ಲಿ ಬ್ಲೇಡಿಲ್ಲ, ಕತ್ತರಿಯಿಲ್ಲ. “ಕತ್ತರಿ ಹಿಡ್ಕೊಂಡು ಪರೀಕ್ಷೆಗೆ ಕೂತ್ರೆ ಹೊಲಿಗೆಗೆ ಅವಮಾನ” ಅನ್ನುತ್ತಿದ್ದರು.

“ಮಳೆಗೆ ಕಣ್ಣಿಲ್ಲ ಟೀಚರೇ, ಮೂಗು ಉಂಟು. ಸೂಜಿಯ ತೂತನ್ನು ಮೂಸಿಕೊಂಡೇ ಬರ್ತದೆ.” ಅದಕ್ಕಾಗಿ ಪ್ರತಿ ಹೊಲಿಗೆಯ ಮೇಲೂ ಜೇನುಮೇಣ ಸವರಿ, ಬಿಸಿ ಇಸ್ತ್ರಿ ಒತ್ತುತ್ತಿದ್ದರು. ಮಡಿಕೆಗಳೆಲ್ಲ ಹಂಚಿನ ಹಾಗೆ ಹಿಂದಕ್ಕೆ ಬಾಗಿರಬೇಕು. ದಾರವನ್ನು ಕೊನೆಗೆ ಹಲ್ಲಿನಿಂದಲೇ ಕಡಿಯಬೇಕು. ಒಮ್ಮೆ ಯಾರೋ ಜೀಪಿನ ಒಳಭಾಗಕ್ಕೆ ಪೂರ್ತಿ ಪ್ಲಾಸ್ಟಿಕ್ ಹಾಳೆ ಹೊಲಿಯಿರೆಂದು ಬಂದರು. “ಬಿಸಿಲಿಗೆ ಒಳಗೆ ಹಬೆ ಕಟ್ತದೆ. ಸೀಟು ಕೊಳೀತದೆ. ಇಡ್ಲಿ ಬೇಯಿಸ್ಲಿಕ್ಕೆ ಆದ್ರೆ ಹೇಳಿ, ಈಗ್ಲೇ ಹೊಲೀತೇನೆ!” ಎಂದು ಕಳಿಸಿಬಿಟ್ಟರು. ಪಕ್ಕದ ಟಯರ್ ಅಂಗಡಿಯ ವಾಮನಣ್ಣ, “ಬ್ಯಾರಿಗಳೇ, ನಿಮಗೆ ಗಿರಾಕಿಗಿಂತ ಬೈಗುಳವೇ ಲಾಭ” ಎಂದು ನಕ್ಕಿದ್ದರು.

ನಾನು ಅತ್ತಾವರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಆಸೆಪಟ್ಟು ಕೊಂಡ ಹಳೆಯ ಜೀಪನ್ನು ಕದ್ರಿಯ ಮನೆಯೆದುರು ಬಯಲಿನಲ್ಲೇ ನಿಲ್ಲಿಸಬೇಕು. ಮೊದಲ ಮಳೆಗಾಲಕ್ಕೇ ಸೀಟಿನ ಸ್ಪಂಜಿನಲ್ಲಿ ಅಣಬೆ ಎದ್ದವು, ನೆಲದ ತಗಡು ಕೆಂಪಾಗಿ ಪುಡಿಯಾಯಿತು. ಮರುವರ್ಷವೂ ಅದೇ ಕತೆ. ನೀರು ಬಂದದ್ದು ಹಳೆಯ ಕ್ಯಾನ್ವಾಸ್ ಬಾಗಿಲಿನ ಕೈಕಿಂಡಿಯಿಂದ. ಬಾಗಿಲಿನ ತಿರುಗುಗುಂಡಿಗಳೆಲ್ಲ ಹೊರಗಡೆ ಇರುತ್ತವೆ; ಒಳಗಿದ್ದವರು ಕಿಂಡಿಯಿಂದ ಕೈ ಹೊರಹಾಕಿ ಅವನ್ನು ತಿರುಗಿಸಿ ಇಳಿಯಬೇಕು.

“ಈ ಸಲ ಕಿಂಡಿಯೇ ಬೇಡ, ಮೋನಾಕ.”

“ಕಿಂಡಿ ಇಲ್ಲದ ಬಾಗಿಲು ಬಾಗಿಲಲ್ಲ, ಗೋಡೆ.”

“ನನ್ನ ಸೀಟು ಮೂರನೇ ಸಲ ಕೊಳೆಯುವುದು ಬೇಡ.”

ನಾಲ್ಕು ದಿನ ಜಗಳವಾಡಿದೆವು. ಯಾರಿಗೂ ಬಗ್ಗದ ಮನುಷ್ಯ ನನಗೆ ಬಗ್ಗಿದರು. ಎರಡೂ ಬಾಗಿಲಲ್ಲಿ ಆಗಲೇ ಕತ್ತರಿಸಿದ್ದ ಕಿಂಡಿಗಳ ಮೇಲೆ ತೇಪೆ ಇಟ್ಟು ನೈಲಾನ್ ದಾರದಲ್ಲಿ ಹೊಲಿದರು. ಷರತ್ತು ಒಂದೇ: ಒಳಗಿಂದ ಕೈ ಹೊರಹಾಕಲು ಆಗುವಂತೆ, ಓಡಿಸುವಾಗ ನನ್ನ ಬದಿಯ ಎರಡು ಗುಂಡಿ ತೆರೆದೇ ಇರಬೇಕು. ನಾನು ಒಪ್ಪಿದೆ.

ಆ ಸಂಜೆ ಮಾತು ಮುರಿದವಳು ನಾನೇ. ಗುಂಡಿ ಹಾಕಲು ಬಂದ ವಾಮನಣ್ಣನಿಗೆ ಮೋನಾಕ, “ಟೀಚರ ಬದಿಯದ್ದು ಎರಡು ಬಿಡು” ಎಂದರು.

“ಓಹೋ! ಹನಿ ಬಿದ್ದರೆ ತೆರೆದ ಕಡೆಯಿಂದ ಬಂತು ಅಂತ ಹೇಳ್ಲಿಕ್ಕಾ?” ಎಂದು ನಾನು ಕೆಣಕಿದೆ.

ಕನ್ನಡಿಯಲ್ಲಿ ಅವರ ಮುಖ ಕೆಂಪಾದದ್ದು ಕಂಡಿತು. “ವಾಮನಾ! ಎಲ್ಲ ಹಾಕು ಮಾರಾಯ. ಒಂದೂ ಬಿಡ್ಬೇಡ.”

ಹತ್ತು ನಿಮಿಷ ಒಳಗೆ ಒಂದು ಹನಿಯೂ ಬೀಳಲಿಲ್ಲ. ಮೋನಾಕ ತೋಳು ಚಾಚಿ ಚಾಚಿ ತೋರಿಸುತ್ತಿದ್ದರು. ತುಂಬಿ ಹರಿಯುತ್ತಿದ್ದ ತೋಡಿನ ಪಕ್ಕದ ತಗ್ಗು ತಿರುವಿನಲ್ಲಿ ನೀರು ರಸ್ತೆಗೆ ಹತ್ತಿತ್ತು. ದಾಟಬಹುದೆಂದುಕೊಂಡೆ. ನಡುವಿನಲ್ಲಿ ಎಂಜಿನ್ ಕೆಮ್ಮಿ ನಿಂತಿತು. ನೀರು ಹಿಂಭಾಗವನ್ನು ಮೆಲ್ಲನೆ ಪಕ್ಕಕ್ಕೆ ತಳ್ಳಿತು, ಎಡಗಡೆಯ ಚಕ್ರಗಳು ತೋಡಿಗೆ ಇಳಿದವು, ಜೀಪು ವಾಲಿತು. ಕಾಲಬುಡದಿಂದ ಕೆಸರು ನೀರು ಏರತೊಡಗಿತು. ನಾನು ಬಾಗಿಲಿಗೆ ಗುದ್ದಿದೆ. ಕ್ಯಾನ್ವಾಸ್ ಡೋಲಿನಂತೆ ಸದ್ದು ಮಾಡಿತು, ಅಷ್ಟೆ. ಹಾರನ್ ಒತ್ತಿದೆ, ಅದೂ ಸತ್ತಿತ್ತು. ಸೀಟು ಮುಳುಗಿತು. ಒಂದು ಸೀಟಿಗಾಗಿ ನಾನೇ ನಮ್ಮಿಬ್ಬರನ್ನೂ ಹೊಲಿಸಿ ಮುಚ್ಚಿಬಿಟ್ಟಿದ್ದೆ.

“ಟೀಚರೇ, ತಲೆ ಬಗ್ಗಿಸಿ.”

ಹಿಂದಿನಿಂದ ಅವರು ನನ್ನ ಹೆಗಲ ಮೇಲೆ ಹಾದು ಬಂದರು. ಹುಡ್ಡಿನೊಳಗಿನ ಕತ್ತಲಲ್ಲಿ ಬೆರಳಿನಿಂದ ತೇಪೆಯ ಅಂಚು ತಡವಿದರು. “ಮುಗಿಸಿದ್ದು ಇಲ್ಲೇ... ಇಲ್ಲೇ ಉಂಟು” ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ಬಾಯಿ ಹಾಕಿದರು. ತಮ್ಮದೇ ಹೊಲಿಗೆಯ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಜಗ್ಗಿದರು. ಒಂದು ಹೊಲಿಗೆ, ಇನ್ನೊಂದು, ಮತ್ತೊಂದು. ನೀರು ನನ್ನ ಎದೆಗೆ ಬಂತು. ಏನೋ ‘ಟಕ್’ ಎಂದಿತು. ದಾರವೆಂದುಕೊಂಡೆ, ಅವರ ಹಲ್ಲು. ಅವರು ನಿಲ್ಲಿಸಲಿಲ್ಲ. ಬೆರಳು ತೂರುವಷ್ಟು ಬಿಡುವಾದೊಡನೆ ಎರಡೂ ಕೈ ಹಾಕಿ ತೇಪೆಯನ್ನು ಹರಿದರು, ಮೊಣಕೈವರೆಗೆ ಕೈ ಹೊರಹಾಕಿ ಗುಂಡಿ ತಿರುಗಿಸಿದರು.

ಎದುರಿನ ಹಣ್ಣಿನಂಗಡಿಯವರು ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡರು. ಅಂಗಡಿಯ ಜಗಲಿಯಲ್ಲಿ ಕುಳಿತ ಮೋನಾಕನ ಬಾಯಿಂದ ರಕ್ತ ಸುರಿಯುತ್ತಿತ್ತು, ಶರ್ಟು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಅವರು ಆಕಾಶದ ಕಡೆ ಬೆರಳು ತೋರಿಸಿದರು.

“ಮೇಲಿಂದ ಒಂದು ಹನಿ ಬಿದ್ದಿಲ್ಲ. ನೋಡಿದಿರಲ್ಲ? ಕೆಳಗಿಂದ ಬಂದದ್ದು ಪರೀಕ್ಷೆಗೆ ಸೇರುದಿಲ್ಲ!”

ಮೋನಾಕನ ಹುಡ್ ಅಂದರೆ ಇಲಿಬೋನು ಎಂಬ ಮಾತು ವಾರದೊಳಗೆ ಊರೆಲ್ಲ ಹಬ್ಬಿತು. ಹೊಲಿಯಲು ಬಿಟ್ಟಿದ್ದ ಜೀಪನ್ನು ಒಬ್ಬರು ವಾಪಸು ಒಯ್ಯಲು ಬಂದಾಗ ನಾನು ಅಲ್ಲೇ ಇದ್ದೆ. “ಕಿಂಡಿ ಮುಚ್ಚಿಸಿದ್ದು ನಾನು. ಗುಂಡಿ ಹಾಕಿಸಿದ್ದೂ ನಾನು. ಇವರು ಬೇಡವೆಂದಿದ್ದರು” ಎಂದೆ. ಆ ಮನುಷ್ಯ ಮೋನಾಕನ ಮುಖ ನೋಡಿದ.

“ಅವ್ರು ಹೇಳಿದ್ದು ಬಾಯಲ್ಲಿ. ಹೊಲಿದದ್ದು ಈ ಕೈ” ಎಂದರು ಮೋನಾಕ, ಮುರಿದ ಹಲ್ಲಿನ ಸಂದಿಯಿಂದ ಗಾಳಿ ಹೊರಡಿಸುತ್ತ. “ತಪ್ಪು ನಂದು. ಕೊಂಡುಹೋಗುದಾದ್ರೆ ಕೊಂಡ್ಹೋಗಿ. ಬಿಡುದಾದ್ರೆ ಕಿಂಡಿ ಇಟ್ಟೇ ಕೊಡ್ತೇನೆ. ಇನ್ನು ಡಿ.ಸಿ. ಬಂದು ಕೇಳಿದ್ರೂ ಮುಚ್ಚುದಿಲ್ಲ.”

ಆತ ಜೀಪು ಒಯ್ದ. ಮೋನಾಕ ಅವನ ಬೆನ್ನಿಗೆ ಕೈಮುಗಿದು, ಮಷಿನಿನ ಮುಂದೆ ಕುಳಿತು ನನ್ನ ಬಾಗಿಲಿಗೆ ಹೊಸ ಕ್ಯಾನ್ವಾಸ್ ಕತ್ತರಿಸಲು ಶುರುಮಾಡಿದರು. ಕಿಂಡಿಯ ಮೇಲೆ ಎರಡು ಮಡಿಕೆಯ ಮುಚ್ಚಳ. ನೀರು ಇಳಿದುಹೋಗಬೇಕು, ಕೈ ತೂರಬೇಕು. ಇದನ್ನು ಮೊದಲೇ ಏಕೆ ಹೊಲಿಯಲಿಲ್ಲ ಎಂದೆ. “ನೀವು ಜಗಳ ಮಾಡಿದ್ದಕ್ಕೆ ತಲೆ ಓಡಿತು” ಎಂದರು. ನನಗಂತೂ ನಿದ್ದೆಯೇ ಹೋಗಿತ್ತು. ಕಣ್ಣು ಮುಚ್ಚಿದರೆ ಕೈ ಹಾಸಿಗೆಯ ಅಂಚಿನಲ್ಲಿ ಕಿಂಡಿ ಹುಡುಕುತ್ತಿತ್ತು. ಹಾಗೆಂದು ಅವರಿಗೆ ಹೇಳಿಯೂ ಇದ್ದೆ.

ಬಾಗಿಲು ಮುಗಿದ ದಿನ ಮಧ್ಯಾಹ್ನವೇ ಮಳೆ ಹಿಡಿಯಿತು. ಅವರು ಒಳಗೆ ಕೂರಲಿಲ್ಲ. ನಿಂತ ಜೀಪಿನಲ್ಲಿ ನನ್ನೊಬ್ಬಳನ್ನೇ ಕೂರಿಸಿ, ವಾಮನಣ್ಣನ ಕೈಯಲ್ಲಿ ಎಲ್ಲ ಗುಂಡಿ ಹಾಕಿಸಿದರು.

“ತೆಗೀರಿ!”

ಕೈ ಎತ್ತಿ ಮತ್ತೆ ಮಡಿಲಿಗೆ ಇಳಿಸಿದೆ. “ಆಗುದಿಲ್ಲ, ಮೋನಾಕ!” ಎಂದು ಕೂಗಿದೆ.

“ಪಾಪ, ನಾನು ತೆಗೀತೇನೆ” ಎಂದರು ವಾಮನಣ್ಣ.

“ಮುಟ್ಟಬೇಡ! ತಲೆ ಬೇಡ ಟೀಚರೇ, ಕೈಗೆ ಹೇಳಿ. ಕೈಗೆ ಹೆದರಿಕೆ ಇಲ್ಲ.”

ಎಷ್ಟು ಹೊತ್ತು ಕುಳಿತಿದ್ದೆನೋ. ಕೊನೆಗೆ ಬೆರಳು ಮಡಿಕೆಯೊಳಗೆ ಜಾರಿತು, ತಣ್ಣನೆಯ ಮಳೆ ತಾಗಿತು, ಗುಂಡಿ ತಿರುಗಿತು. ಹೊರಗೆ ಬಂದು ನಿಂತೆ. ಅವರು ಶಹಬ್ಬಾಸ್ ಅನ್ನಲಿಲ್ಲ. “ಇನ್ನೊಮ್ಮೆ” ಎಂದರು. ಕತ್ತಲಾಗುವವರೆಗೆ ಹನ್ನೊಂದು ಸಲ. ಕೊನೆಯ ಸಲ ಕಣ್ಣು ಮುಚ್ಚಿಕೊಂಡು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ನಾನು ಪರೀಕ್ಷಾ ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದ ವಾರದಲ್ಲಿ ಹೃದಯ ನಿಂತು ತೀರಿಕೊಂಡರು. ವಾಮನಣ್ಣ ಫೋನ್ ಮಾಡಿ ಸುದ್ದಿ ಹೇಳಿದರು.

ಆ ಹನ್ನೊಂದು ಸಲದ ದಿನ ಮನೆಗೆ ಬಂದು ಗಂಜಿ ಉಂಡು ಮಲಗಿದೆ. ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿತ್ತು, ಮೊದಲ ಗಂಟೆಯ ತರಗತಿ ತಪ್ಪಿಹೋಗಿತ್ತು. ಯಾಕೆ ತಡ ಎಂದು ಪ್ರಿನ್ಸಿಪಾಲರು ಗದರಿಸಿದರು. “ನಿದ್ದೆ ಬಂತು ಸರ್” ಎಂದೆ. ಕ್ಷಮೆ ಕೇಳಲಿಲ್ಲ.