ಹಸಿ ಉಸುಕಿನಲ್ಲಿ ನೆಟ್ಟ ಬಡಿಗೆ

ತನ್ನ ಅಸ್ಥಿಯನ್ನು ಗೋಕರ್ಣದ ಸಮುದ್ರದಲ್ಲಿ ಬಿಡಬೇಕೆಂಬುದು ಅವ್ವನದೇ ಮಾತಾಗಿತ್ತು. ತುಂಗಭದ್ರೆಯನ್ನು ಬಿಟ್ಟರೆ ಬೇರೆ ದೊಡ್ಡ ನೀರನ್ನು ಅವಳು ಕಂಡವಳಲ್ಲ. ನಮ್ಮೂರು ತಳಕಲ್ಲಿನಿಂದ ಕಾರವಾರದವರೆಗೆ ಬಸ್ಸು, ಅಲ್ಲಿಂದಾಚೆಗೆ ಕರಾವಳಿಯ ಗುಡ್ಡಗಳ ಕಾಲುದಾರಿಯಲ್ಲಿ ಬರಿಗಾಲ ನಡಿಗೆ ಎಂದು ಅಣ್ಣ ನಿರ್ಧರಿಸಿದ. ನನ್ನನ್ನು ಕೇಳಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತಿದು. ಅವನು ಒಕ್ಕಲುತನ ನೋಡುವ ಹಿರಿಯ, ನಾನು ಕುಷ್ಟಗಿಯ ಕಚೇರಿಯೊಂದರಲ್ಲಿ ಗುಮಾಸ್ತ.

ಅಸ್ಥಿಯ ತಂಬಿಗೆಯನ್ನು ದಾರಿಯಲ್ಲಿ ನೆಲಕ್ಕೆ ತಾಗಿಸಬಾರದು. ನಿಂತಲ್ಲಿ ಗಿಡಕ್ಕೆ ತೂಗುಹಾಕಬೇಕು. ಎರಡು ದಿನ ಅಣ್ಣನೊಬ್ಬನೇ ಅದನ್ನು ಬಡಿಗೆಗೆ ಕಟ್ಟಿ ಹೊತ್ತ. ಅವನ ಹೆಗಲು ಬಾತಿದ್ದನ್ನು ಕಂಡು ನಾನು ಕೈ ಚಾಚಿದಾಗ, “ಬೆಂಕಿ ಕೊಟ್ಟಾವ ನಾನು. ನೀ ಬುತ್ತಿ ಹೊರು,” ಎಂದ.

ಆ ಎರಡು ದಿನವೂ ದಾರಿ ಎತ್ತರದಲ್ಲಿತ್ತು; ಸಮುದ್ರವನ್ನು ಮೇಲಿನಿಂದ ನೋಡಿದ್ದೆವಷ್ಟೆ. ಮೂರನೆಯ ಮಧ್ಯಾಹ್ನ, ಮೂರು ಕಡೆ ನೀರಿದ್ದ ಒಂದು ನಿರ್ಜನ ಗುಡ್ಡವನ್ನಿಳಿದು ದಂಡೆಗೆ ಬಂದೆವು. ಅಲ್ಲಿ ಗಿಡವಿರಲಿಲ್ಲ. ಅಣ್ಣ ತನ್ನ ಬಡಿಗೆಯನ್ನು ನೆಟ್ಟು ತಂಬಿಗೆ ತೂಗುಹಾಕಲು ನೋಡಿದ. ಒಣ ಉಸುಕು ಬಡಿಗೆಯನ್ನು ಹಿಡಿಯಲಿಲ್ಲ. ನೀರಂಚಿನ ಹಸಿ ಉಸುಕು ಹಿಡಿಯಿತು.

ಬಂಡೆಗಳ ಮೇಲೆ ಆಳೆತ್ತರದವರೆಗೆ ಹಸಿ ಪಾಚಿಯಿತ್ತು. “ಅಣ್ಣಾ, ನೀರಿನ ಗುರುತು ಅಷ್ಟು ಮ್ಯಾಲೈತಿ,” ಎಂದೆ.

“ಮಳಿ ಇಲ್ಲ, ಮೋಡ ಇಲ್ಲ, ನೀರು ಎಲ್ಲಿಂದ ಏರ್ತೈತಿ? ಕಾಗದ ತಿರುವಿ ತಿರುವಿ ನಿನಗ ನೆರಳು ಕಂಡ್ರೂ ಅಂಜಿಕಿ. ಹೊಳಿ ನನಗ ಗೊತ್ತಿಲ್ಲೇನು?”

ನಮ್ಮ ಕಡೆ ನೀರು ಏರುವುದು ಮೇಲೆ ಮಳೆಯಾದಾಗ ಮಾತ್ರ. ನಾನೂ ಅದನ್ನೇ ನಂಬಿದೆ. ರೊಟ್ಟಿ ತಿಂದು ಬಂಡೆಯ ನೆರಳಲ್ಲಿ ಇಬ್ಬರೂ ಮಲಗಿದೆವು.

ಕಾಲಿಗೆ ನೀರು ತಾಗಿ ಎಚ್ಚರವಾಯಿತು. ಬಡಿಗೆ ಕಾಣಲಿಲ್ಲ. ಅಣ್ಣ ಎದೆಮಟ್ಟ ನೀರಿಗಿಳಿದು ಬಹಳ ಹೊತ್ತು ತಡಕಾಡಿದ. ಸಮುದ್ರದ ಭರತ ಇಳಿದ ಮೇಲೆ ಬಡಿಗೆ ಸಿಕ್ಕಿತು. ತಂಬಿಗೆ ಸಿಗಲಿಲ್ಲ.

ಗೋಕರ್ಣದಲ್ಲಿ ಅವನು ಹೊಸ ತಂಬಿಗೆ ತಂದು, ಖಾನಾವಳಿಯೊಂದರ ಒಲೆಯ ಬೂದಿಯನ್ನು ಅದಕ್ಕೆ ತುಂಬಿದ. “ಭಟ್ಟರಿಗೇನು ಗೊತ್ತಾಗ್ತೈತಿ? ಊರಾಗ ನಾಕ ಮಂದಿಗೆ ಮುಖ ತೋರಿಸಬೇಕಲ್ಲ.” ಒಲೆಯ ಬೂದಿಗೆ ಅವ್ವನ ಹೆಸರು ಹೇಳಿ ನೀರು ಬಿಡಲು ನಾನು ಒಪ್ಪಲಿಲ್ಲ. ಅವನು ಬಿಟ್ಟ. ನಾನು ದೂರ ನಿಂತೆ.

ಊರಿಗೆ ಮರಳಿದ ದಿನ, ಬೀಗರೆಲ್ಲ ಕುಳಿತ ಪಡಸಾಲೆಯಲ್ಲಿ ಅಣ್ಣ ಹೇಳಿದ: “ಇವ ಸಾಲಿ ಕಲ್ತಾನ ನೋಡ್ರಿ. ಹಡೆದ ತಾಯಿಗೆ ಒಂದು ಬೊಗಸಿ ನೀರು ಬಿಡಲಿಲ್ಲ.” ಯಾರೂ ನನ್ನನ್ನು ಕಾರಣ ಕೇಳಲಿಲ್ಲ. ಹೇಳಿದ್ದರೆ ಅವ್ವ ಸಂಸ್ಕಾರವಿಲ್ಲದೆ ಹೋದಳೆಂದು ಅಷ್ಟು ಜನರ ಮುಂದೆ ನಾನೇ ಸಾರಿದಂತಾಗುತ್ತಿತ್ತು.

ಅಡುಗೆಮನೆಯಲ್ಲಿ ಅಕ್ಕ ಕೇಳಿದಳು: “ಅವ್ವ ಸಮುದ್ರ ಸೇರಿದಳೇನೊ?”

“ಸೇರಿದಳಕ್ಕ.”

“ನೀ ನೀರು ಬಿಡಲಿಲ್ಲಂತ, ಖರೇನ?”

“ಖರೆ.”

ಸಾಯುವವರೆಗೂ ಅವಳು ನನ್ನ ಮನೆಯಲ್ಲಿ ನೀರು ಕುಡಿಯಲಿಲ್ಲ.