ಹೊಟ್ಟೆನೋವು ತಾಳಲಾರದೆ

ಸೆಪ್ಟೆಂಬರ್ ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಏಳೂವರೆ ಗಂಟೆ. ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಇಬ್ಬರು: ನಾನು, ನನ್ನ ಮೊಮ್ಮಗಳು.

ಪೊಲೀಸ್ ಠಾಣೆಯಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನಿಗೆ ಬೇರೆ ರೀತಿ ಶುರು ಮಾಡಲು ಬರುವುದಿಲ್ಲ. ದೂರು, ಹೇಳಿಕೆ, ಪಂಚನಾಮೆ ಬರೆಯುವುದು ನನ್ನ ನೌಕರಿಯಾಗಿತ್ತು. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ಹುಮನಾಬಾದ್ ಬಸ್ಸು. ನಿವೃತ್ತಿಯಾದ ಮೇಲೆ ಬಸ್ಸು ಮಾತ್ರ ತಪ್ಪಿತು, ಉಳಿದದ್ದು ಹಾಗೇ ನಡೆದಿದೆ. ಈಗ ಆ ಬಸ್ಸಿಗೆ ಮೊಮ್ಮಗಳು ಹೋಗುತ್ತಾಳೆ. ಹುಮನಾಬಾದಿನ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ. ಮನಃಶಾಸ್ತ್ರ ಮತ್ತು ಅಪರಾಧಶಾಸ್ತ್ರ, ಎರಡೂ ಕೂಡಿ.

ಆಕೆ ಮೂರು ತಿಂಗಳ ಕೂಸಾಗಿದ್ದಾಗ ನನ್ನ ಮಗಳು, ಅಂದರೆ ಆಕೆಯ ತಾಯಿ, ತೀರಿಕೊಂಡಳು. ಅಳಿಯ ಮುಡಬಿಯವನು. ಮತ್ತೊಂದು ಮದುವೆ ಮಾಡಿಕೊಂಡ. ಕೂಸನ್ನು ನಾನು, ನನ್ನ ಹೆಂಡತಿ ಸಾಕಿದೆವು. ತಾಯಿ ಹೊಟ್ಟೆನೋವಿನಿಂದ ಹೋದಳೆಂದು ಹೇಳಿದ್ದೆವು. ನನ್ನ ಹೆಂಡತಿಯೂ ಹೋಗಿ ಮೂರು ವರ್ಷವಾಯಿತು. ಆ ಮಾತು ಸುಳ್ಳೆಂದು ಬಲ್ಲವನು ಮನೆಯಲ್ಲಿ ನಾನೊಬ್ಬನೇ ಉಳಿದಿದ್ದೆ.

ಮೊಮ್ಮಗಳು ಕಾಲೇಜಿನಲ್ಲಿ ಆ ಎರಡು ವಿಷಯ ತೆಗೆದುಕೊಂಡ ದಿನ ನಾನು ಆಕೆಯನ್ನು ಕಾಡಿಸಿದ್ದೆ. "ಕಳ್ಳನಿಗಿ ಬೇಡಿ ಹಾಕಿ, ಆಮ್ಯಾಲ 'ಯಪ್ಪಾ, ನಿನ್ನ ಮನಸ್ಸಿಗಿ ಏನಾಗ್ಯಾದ' ಅಂತ ಕೇಳತೀಯೇನ್ ಬೇ?"

"ಮೊದಲ ಕೇಳತೀನಿ ಮುತ್ಯಾ, ಆಮ್ಯಾಲ ಬೇಡಿ. ನೀವೇ ಉಲ್ಟಾ ಮಾಡ್ತಿದ್ರಿ."

ಆ ಭಾನುವಾರ ಆಕೆಗೆ ಕಾಲೇಜಿನ ಕೆಲಸವಿತ್ತು. ತಾವೇ ಜೀವ ಕಳೆದುಕೊಂಡವರ ಬಗ್ಗೆ ಠಾಣೆಯಲ್ಲಿ ದೂರು ಹೇಗೆ ಬರೆಯುತ್ತಾರೆ, ಅದರಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳು ಯಾವುವು ಎಂದು ಬರೆದುಕೊಂಡು ಹೋಗಬೇಕು. ಎರಡೂ ವಿಷಯಕ್ಕೆ ಸೇರಿ ಒಂದೇ ಬರಹ.

"ಒಂದು ನಮೂನಾ ಹೇಳ್ರಿ ಮುತ್ಯಾ, ಬರಕೋತೀನಿ. ಹೆಸರು ಊರು ಏನೂ ಬ್ಯಾಡ."

"ಅದೇನು ದೊಡ್ಡದು! ನಿದ್ದಿಯಾಗ ಎಬ್ಬಿಸಿದ್ರೂ ಹೇಳತೀನಿ," ಎಂದೆ. ಆಕೆ ಹಾಳೆಗೆ ಅಂಚು ಬಿಟ್ಟು ಗೆರೆ ಎಳೆದಳು. ನಾನೇ ಕಲಿಸಿದ ಅಂಚು. ನಾನು ಕಣ್ಣು ಮುಚ್ಚಿ ಶುರು ಮಾಡಿದೆ.

"ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ನೌಕರಿ ಮಾಡಿಕೊಂಡಿರುತ್ತೇನೆ. ನನ್ನ ಮಗಳು, ವಯಸ್ಸು ಇಪ್ಪತ್ಮೂರು, ಬಾಣಂತನಕ್ಕಾಗಿ ತವರುಮನೆಗೆ ಬಂದಿದ್ದು, ಆಕೆಗೆ ಮೂರು ತಿಂಗಳ ಹೆಣ್ಣು ಕೂಸು ಇರುತ್ತದೆ. ಸದರಿಯವಳು ಆಗಾಗ್ಗೆ ಹೊಟ್ಟೆನೋವಿನಿಂದ ಬಳಲುತ್ತಿದ್ದು, ಆಸ್ಪತ್ರೆಗೆ ತೋರಿಸಿದರೂ ಗುಣವಾಗದೆ, ಹೊಟ್ಟೆನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು ತನ್ನಷ್ಟಕ್ಕೆ ತಾನೇ ಜೀವ ಕಳೆದುಕೊಂಡಿರುತ್ತಾಳೆ. ಆಕೆಯ ಸಾವಿನಲ್ಲಿ ಯಾರ ಮೇಲೂ ಸಂಶಯ ಇರುವುದಿಲ್ಲ."

ಪೆನ್ನಿನ ಸಪ್ಪಳ ಯಾವಾಗಲೋ ನಿಂತಿತ್ತು. ಕಣ್ಣು ತೆರೆದೆ. ನೂರಾರು ದೂರು ಬರೆದವನು ನಾನು. ಬಾಯಿಗೆ ಬಂದದ್ದು ಮಾತ್ರ ನಾನು ಬರೆಯದೆ, ದೂರುದಾರನಾಗಿ ಹೇಳಿ ಬರೆಸಿದ ಒಂದೇ ಒಂದು ದೂರು. ಆ ದಿನ ನಾನು ಬಸವಕಲ್ಯಾಣದ ಠಾಣೆಯಲ್ಲಿ ಮೇಜಿನ ಈಚೆ ಕುಳಿತಿದ್ದೆ. ಆಚೆ ನನ್ನ ಕೈಕೆಳಗೆ ಕೆಲಸ ಕಲಿತ ರೈಟರ್. ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೊಟ್ಟೆನೋವು ಎಂದು ಬರೆದರೆ ಮುಂದೆ ಯಾರೂ ಕೇಳುವುದಿಲ್ಲವೆಂದು ಅವನಿಗೆ ಕಲಿಸಿದವನೂ ನಾನೇ.

"ಮುತ್ಯಾ, ಈ ಮೂರು ತಿಂಗಳ ಕೂಸು ನಾ ಏನ್ರಿ?"

"ಹೌದವ್ವ."

"ಮಮ್ಮಿಗಿ ಹೊಟ್ಟಿನೋವು ಇತ್ತೇನ್ರಿ?"

"ಇರಲಿಲ್ಲ."

ಆಕೆ ಅಳುವಳೆಂದುಕೊಂಡೆ. ಅಳಲಿಲ್ಲ. "ಬಾಣಂತ್ಯಾರಿಗಿ ಬರೋ ಖಿನ್ನತಾ. ಹೋದ ಪರೀಕ್ಷೆದಾಗ ಹತ್ತು ಮಾರ್ಕಿಗಿ ಬಂದಿತ್ತು," ಎಂದಳು. "ನಿದ್ದಿ ಬರಲ್ಲ, ಕೂಸಿನ ಕಡಿ ನೋಡಾಕ ಮನಸ್ಸು ಆಗಲ್ಲ, ಎಲ್ಲಾ ಬರದೀನಿ. ಎಂಟು ಕೊಟ್ಟಾರ." ಆಮೇಲೆ ಕೇಳಿದಳು: "ಆಕಿ ನಿಮಗ ಏನಾರ ಅಂದಿದ್ಲೇನ್ರಿ?"

"ಮನಸ್ಸಿಗೆ ಬೇಸರವಾಗಿರುತ್ತದೆ ಎಂದು ತಿಳಿಸಿರುತ್ತಾಳೆ," ಎಂದೆ.

"ಹಂಗ ಬ್ಯಾಡ್ರಿ!" ಆಕೆಯ ದನಿ ಏರಿತು. "ಠಾಣೆದ ಮಾತು ಬ್ಯಾಡ. ಆಕಿ ಹ್ಯಾಂಗ ಅಂದ್ಲು, ಹಂಗೇ ಹೇಳ್ರಿ."

ಇಪ್ಪತ್ತು ವರ್ಷ ಬಾಯಿಂದ ತೆಗೆಯದ ಮಾತು. ಮಗಳು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಬೂಟು ಕಟ್ಟುತ್ತಿದ್ದೆ, ಏಳರ ಬಸ್ಸಿಗೆ ಹತ್ತು ನಿಮಿಷವಿತ್ತು.

"'ಅಪ್ಪಾ, ಜೀವ ಭಾಳ ಬ್ಯಾಸರ ಆಗ್ಯಾದ. ಇವತ್ತೊಂದಿನ ಮನ್ಯಾಗ ಇರ್ರಿ' ಅಂದ್ಲು."

"ನೀವೇನಂದ್ರಿ?"

"'ಲಗೂ ಎದ್ದು ಜಳಕಾ ಮಾಡಿ ಕೆಲಸಾ ಹಚಗೋ, ಬ್ಯಾಸರ ತಾನೇ ಹೋಗತದ' ಅಂದೆ. ಬಸ್ಸಿಗಿ ಹೋದೆ."

ಹನ್ನೊಂದಕ್ಕೆ, ಮಗಳು ಹೋದಳೆಂದು ನಾನಿದ್ದ ಹುಮನಾಬಾದ್ ಠಾಣೆಗೆ ಫೋನ್ ಬಂತು. ಅದನ್ನು ಎತ್ತಿದವನೂ ನಾನೇ. ಇಷ್ಟನ್ನೂ ಹೇಳಿದೆ.

ಮೊಮ್ಮಗಳು ಹಾಳೆಯನ್ನೇ ನೋಡುತ್ತಿದ್ದಳು. "ನಾ ಹುಟ್ಟಲಿಲ್ಲಂದ್ರ ಆಕಿ ಇರತಿದ್ಲೇನ್ರಿ?"

"ಇಲ್ಲವ್ವ, ಹಂಗ ಅನಬ್ಯಾಡ. ನಾ ಬಸ್ಸು ಬಿಟ್ಟಿದ್ರ ಇರತಿದ್ಲು."

ಒಬ್ಬರ ಮೇಲೆ ತಪ್ಪು ಹೊರಿಸುವ ಮೊದಲು ಎಲ್ಲ ಕಾರಣ ನೋಡಬೇಕೆಂದು ತನ್ನ ಪುಸ್ತಕದಲ್ಲಿದೆ ಎಂದು ಮೊಮ್ಮಗಳೇ ಹಿಂದೊಮ್ಮೆ ನನಗೆ ಹೇಳಿದ್ದಳು. ಆ ಮಾತನ್ನು ಈಗ ಹೇಳಲಿ ಎಂದು ಕಾದೆ. ಆಕೆ ಒಂದು ಹೊಸ ಹಾಳೆ ತೆಗೆದು ನನ್ನ ಮುಂದಿಟ್ಟಳು, ಪೆನ್ನನ್ನೂ ಇಟ್ಟಳು. "ಖರೆ ಇದ್ದದ್ದು ಬರೀರಿ. ನಿಮ್ಮ ಕೈಲೇ ಬರೀರಿ." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಧ್ಯಾಹ್ನದ ರೊಟ್ಟಿ ಪಲ್ಯ ಮುಚ್ಚಿಟ್ಟದ್ದು ಮುಚ್ಚಿದಂತೆಯೇ ಇತ್ತು. ಕೈಬರಹಕ್ಕೆ ಹೆಸರಾಗಿದ್ದ ನಾನು ನಾಲ್ಕು ಹಾಳೆ ಕೆಡಿಸಿದೆ. ಕೈ ತಾನಾಗಿ 'ಸದರಿಯವಳು' ಎಂದೇ ಬರೆಯುತ್ತಿತ್ತು. ಐದನೆಯದರಲ್ಲಿ 'ನನ್ನ ಮಗಳು' ಎಂದು ಬರೆದೆ. ಆಮೇಲೆ ಆಕೆ ಅಂದಿದ್ದನ್ನು ಅಂದಹಾಗೇ, ನಾನು ಅಂದಿದ್ದನ್ನೂ ಅಂದಹಾಗೇ ಬರೆದೆ. 'ಸಂಶಯ' ಎನ್ನುವ ಕಡೆ ನನ್ನ ಹೆಸರು ಬರೆದೆ.

ನಾಲ್ಕು ಗಂಟೆಗೆ ಬಾಗಿಲು ಬಡಿದು ಹಾಳೆ ಕೊಟ್ಟೆ. ನಿಂತುಕೊಂಡೇ ಎರಡು ಸಲ ಓದಿದಳು. ಕಣ್ಣು ಊದಿದ್ದವು.

"ಇದು ಕಾಲೇಜಿಗಿ ಕೊಡೂದಿಲ್ರಿ," ಎಂದಳು. "ಒಂದೆರಡು ದಿನ ನನಗ ಮಾತಾಡಸಬ್ಯಾಡ್ರಿ ಮುತ್ಯಾ."

"ಆಯಿತವ್ವ," ಎಂದೆ.

ಹಾಳೆಯನ್ನು ತಿರುಗಿ ನನ್ನ ಕಡೆ ಚಾಚಿದಳು. ನಾನು ಅದಕ್ಕೆ ಸಹಿ ಮಾಡಿರಲಿಲ್ಲ. ಆಕೆಯ ಕೋಣೆಯ ಹೊಸ್ತಿಲ ಮೇಲೆ ಕುಳಿತು, ಮೊಳಕಾಲ ಮೇಲೆ ಹಾಳೆ ಇಟ್ಟುಕೊಂಡು, ಸಹಿ ಮಾಡಿ, ಕೆಳಗೆ ತಾರೀಕು ಹಾಕಿ ಕೊಟ್ಟೆ.