ಫೋನಿಗೆ ಮಾತ್ರ ಹೇಳಿದ್ದು

ಮಗು ಅತ್ತ ಕೂಡಲೇ ನನ್ನ ಕೈ ನಡುಗತೊಡಗಿತು. ಮೊದಲು ಕಂಡದ್ದು ಅದು. ಆಮೇಲೆ ನಿದ್ದೆ ಹೋಯಿತು. ಮಗು ಮಲಗಿದರೂ ನಾನು ಮಲಗುತ್ತಿರಲಿಲ್ಲ. ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತಿದ್ದೆ. ಇಷ್ಟು ಕಾದರೂ ಅವಳ ಮೇಲೆ ಪ್ರೀತಿ ಮಾತ್ರ ಬರಲಿಲ್ಲ.

ಇದನ್ನು ಯಾರಿಗೆ ಹೇಳುವುದು? ಬಾಣಂತನಕ್ಕೆಂದು ವಿಜಯಪುರದಿಂದ ಮರಾಠಿ ಸೀಮೆಯ ಧನಕವಡಿಯ ನಮ್ಮ ಮನೆಗೆ ಬಂದಿದ್ದ ಅತ್ತೆ, ಅಂಟಿನುಂಡೆ ಕಟ್ಟುವುದರಲ್ಲಿ, ಮೊಮ್ಮಗಳಿಗೆ ದೃಷ್ಟಿ ತೆಗೆಯುವುದರಲ್ಲಿ ಮುಳುಗಿದ್ದರು. ಗಂಡನಿಗೆ ಹೇಳಿದರೆ ಹೆದರಿಯಾನು. ಹಾಗಾಗಿ ಫೋನಿಗೆ ಹೇಳಿದೆ. ಹಾಲು, ನಿದ್ದೆ, ಡಯಾಪರ್ ಎಲ್ಲ ಬರೆದಿಡುವ ಬೇಬಿ ಆ್ಯಪ್‌ನಲ್ಲಿ ತಾಯಿಯ ಮೂಡ್‌ಗೂ ಒಂದು ಜಾಗವಿತ್ತು. 'ಮಗು ನನ್ನದು ಅನ್ನಿಸುತ್ತಿಲ್ಲ' ಎಂದು ಬರೆದೆ. ಅದು ಒಂದು ಗುಲಾಬಿ ಹೃದಯ ಕಳಿಸಿತು. ನಾಚಿಕೆಗೇಡು, ಅಷ್ಟಕ್ಕೇ ಸಮಾಧಾನವಾಯಿತು.

ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ಆ್ಯಪ್‌ಗಳಲ್ಲಿ ಹುಳುಕು ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೆ ದೀಪದ ಬುಡದಲ್ಲೇ ಕತ್ತಲೆ. ಇದು ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತಿದ್ದೆ. ಮಗುವಿನ ಹೆಸರು ಕೇಳಿತು. ನಾನೂ ಗಂಡನೂ ಗುಟ್ಟಾಗಿ ಆರಿಸಿಟ್ಟಿದ್ದ ಹೆಸರನ್ನೂ ಕೊಟ್ಟೆ. ಗಂಡನ ಮನೆಯಲ್ಲಿ, ತೊಟ್ಟಿಲ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೇಳುವವರೆಗೆ ಹೆಸರು ಯಾರ ಬಾಯಲ್ಲೂ ಬರುವಂತಿಲ್ಲ. ಫೋನಿಗೆಲ್ಲಿಯ ಬಾಯಿ ಎಂದುಕೊಂಡಿದ್ದೆ.

ಕೈನಡುಕ ಕಂಡು ಗಂಡನೇ ಡಾಕ್ಟರ ಬಳಿ ಕರೆದೊಯ್ದ. ಪೋಸ್ಟ್‌ಪಾರ್ಟಂ ಡಿಪ್ರೆಶನ್, ಹೆರಿಗೆಯ ನಂತರದ ಖಿನ್ನತೆ ಎಂದು ಮಾತ್ರೆ ಬರೆದುಕೊಟ್ಟರು. ಅತ್ತೆಗೆ ಮಾತ್ರ 'ರಕ್ತ ಕಡಿಮೆಯಂತೆ' ಎಂದೆವು.

ಒಂದು ದಿನ ನಾನು ಎರೆದುಕೊಂಡು ಬರುವಷ್ಟರಲ್ಲಿ ಅತ್ತೆ ನನ್ನ ಫೋನ್ ಹಿಡಿದು ನಿಂತಿದ್ದರು.

"ಯಾವಾಕಿನೋ ಹಿಂದಿಯೊಳಗ ಮಾತಾಡಿದ್ಲು. ಕೂಸಿನ ಹೆಸರು ಹಿಡದು ಕೇಳಿದ್ಲು. ಬಾಣಂತಿಗೆ ಕೂಸಿನ ಮ್ಯಾಲ ಮನಸ್ಸು ಕೂಡವಲ್ದು ಅಂದ್ರ ಅವರ ಕಡೆ ಕೋರ್ಸ್ ಅದ ಅಂತ. ಏನಿದು?"

ಎರಡು ಗುಟ್ಟೂ ಒಂದೇ ಕರೆಯಲ್ಲಿ ಹೋದವು.

"ಯಾರಿಗೂ ಹೇಳಿಲ್ಲ ಅತ್ತೆ. ಫೋನಲ್ಲಿ ಮಾತ್ರ ಬರ್ದಿದ್ದೆ."

"ಫೋನ್ ಅಂದ್ರ ಏನ್ ಹಾಳ ಬಾವಿ ಏನವಾ, ಹಾಕಿದ್ದು ಒಳಗ ಇರಾಕ?"

ಆ್ಯಪ್ ತೆಗೆದುಹಾಕಿದೆ. ಚಡಪಡಿಕೆ ಹೋಗಲಿಲ್ಲ. ಬರೆದದ್ದು ಈಗ ಯಾರ ಯಾರ ಬಳಿ ಇದೆ? ಆಫೀಸಿಗೆ ತಿಳಿದರೆ? ನಾಳೆ ಮಗಳೇ ಓದಿದರೆ? ಮುಂದಿನ ಭೇಟಿಯಲ್ಲಿ ಡಾಕ್ಟರ್ ಕಂಪ್ಯೂಟರಿನ ಮೇಲೆ ಬೆರಳಿಟ್ಟು ಹೇಗನ್ನಿಸುತ್ತಿದೆ ಎಂದು ಕೇಳಿದಾಗ "ಫೈನ್" ಎಂದೆ. ಅವರು ಅದನ್ನೇ ನಂಬಿ ಹಳೆಯ ಡೋಸ್ ಮುಂದುವರಿಸಿದರು. ಮನೆಗೆ ಬಂದವಳು ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟೆ.

ಅದರ ಮುಂದಿನ ಸಲ ಅತ್ತೆಯೂ ಬಂದರು. ನಾನು ಮತ್ತೆ "ಫೈನ್" ಎಂದದ್ದೇ ತಡ, ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಮಗುವನ್ನು ಹೆಗಲಿಗೇರಿಸಿಕೊಂಡು, ತಮ್ಮ ಹರಕು ಮರಾಠಿಯಲ್ಲಿ ಕಂಪ್ಯೂಟರ್ ಮುಚ್ಚುವಂತೆ ಡಾಕ್ಟರಿಗೇ ಹೇಳಿದರು. ಆಮೇಲೆ ನನ್ನತ್ತ ತಿರುಗಿದರು.

"ನಾ ಹೊರಗ ಕುಂದರ್ತೀನಿ. ನನಗೂ ಕೇಳೂದು ಬ್ಯಾಡ. ನೀ ಹೇಳು."

ಡಾಕ್ಟರ್ ನಿಜಕ್ಕೂ ಪರದೆಯನ್ನು ಆಚೆ ತಿರುಗಿಸಿದರು.

ಹೇಳಿದೆ. ಎಲ್ಲ ಹೇಳಿದೆ. ಮೂಗು ಸುರಿಯುವಷ್ಟು ಅತ್ತುಬಿಟ್ಟೆ. ಮಾತ್ರೆ ಬದಲಾಯಿತು.

ಬೀದಿಗೆ ಬಿದ್ದ ಹೆಸರು ಬೇಡವೆಂದು ಅತ್ತೆ ತೀರ್ಮಾನಿಸಿದ್ದರು. ಹೊಸದನ್ನು ಆರಿಸುವುದು ನಾದಿನಿಗೆ ಬಿಟ್ಟದ್ದು. ತೊಟ್ಟಿಲ ದಿನ ಅವಳು ಬಗ್ಗಿ ಮಗುವಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುವಾಗ ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ನಾನೂ ಗುದ್ದಿದೆ, ತುಸು ಜೋರಾಗಿಯೇ. ಎಷ್ಟೋ ದಿನಗಳ ಮೇಲೆ ನಗು ಬಂತು.

ಮಾತ್ರೆ ಇನ್ನೂ ನಿಂತಿಲ್ಲ. ಕೈ ಒಮ್ಮೊಮ್ಮೆ ನಡುಗುತ್ತದೆ. ಹಳೆಯ ಹೆಸರು ಹಿಡಿದು ಕರೆಗಳು ಈಗಲೂ ಬರುತ್ತವೆ. ಆ ಹೆಸರಿನ ಮಗು ಈ ಮನೆಯಲ್ಲಿಲ್ಲ ಎನ್ನುತ್ತೇನೆ. ಸುಳ್ಳೇನೂ ಅಲ್ಲ. ಮಡಿಲಲ್ಲಿರುವುದು ನನ್ನ ಮಗಳು.